ಅಲುಗಾಡದೆ ಕುಳಿತವಳ ನಾಡಿ

ಧ್ಯಾನದ ಸಂಶೋಧನಾ ಕೇಂದ್ರದಲ್ಲಿ ದುಡಿದು ನಿವೃತ್ತಳಾದವಳು ಎಂದರೆ ಜನ ನನ್ನ ಮುಖದಲ್ಲಿ ಏನೋ ತೇಜಸ್ಸು ಹುಡುಕುತ್ತಾರೆ. ಆ ಕೆಲಸದಲ್ಲಿ ನಾನು ಹೆಚ್ಚಾಗಿ ಕಂಡದ್ದು ಜನರ ನೆತ್ತಿಯನ್ನು. ಎಣ್ಣೆ ಜಿಡ್ಡಿನ ನೆತ್ತಿ, ಹೊಟ್ಟೆದ್ದ ನೆತ್ತಿ, ಮೆಹಂದಿ ಮೆತ್ತಿದ ನೆತ್ತಿ, ಜಟೆ ಕಟ್ಟಿ ಬೆರಳು ಇಳಿಯದ ನೆತ್ತಿ. ಕೂದಲು ಬಿಡಿಸಿ, ಚರ್ಮವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಒಂದು ಒರಟು ಜೆಲ್ಲಿನಿಂದ ಉಜ್ಜಿ, ಪುಟ್ಟ ಲೋಹದ ಬಟ್ಟಲಿನಂಥ ಎಲೆಕ್ಟ್ರೋಡುಗಳನ್ನು ಅಂಟಿಸಬೇಕು. ಮಿದುಳಿನ ಅಲೆಗಳಿಗೆ ತಲೆಯ ಮೇಲೆ, ಹೃದಯದ ಬಡಿತಕ್ಕೆ ಎದೆಯ ಮೇಲೆ. ಇಷ್ಟಾದ ಮೇಲೆ ಅವರು ಒಳಗೆ ಕಣ್ಣು ಮುಚ್ಚಿ ಕೂಡುತ್ತಾರೆ. ನಾವು ಗಾಜಿನ ಈಚೆ ಕೂತು ಗೆರೆಗಳನ್ನು ನೋಡುತ್ತೇವೆ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲೆಕ್ಟ್ರೋಡು ಎಲ್ಲಿ ಅಂಟಿಸಬೇಕೆಂದು ನಿಮಗೆ ಪಠ್ಯಪುಸ್ತಕ ಹೇಳುತ್ತದೆ. ಗಾಜಿನ ಈಚೆ ಕೂತವರ ಬುದ್ಧಿಗೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ, ತರಬೇತಿ ಪಡೆದು, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಇ.ಇ.ಜಿ. ತಂತ್ರಜ್ಞೆಯಾಗಿ ನನ್ನ ನೌಕರಿ ಶುರುವಾಯಿತು. ಫಿಟ್ಸ್ ಬರುವ ಮಕ್ಕಳು, ಬೈಕಿನಿಂದ ಬಿದ್ದವರು, ಹೊಲಕ್ಕೆ ಹೊಡೆಯುವ ಔಷಧ ಕುಡಿದು ಎಚ್ಚರ ತಪ್ಪಿದವರು, ಇವರ ನಡುವೆ ನನ್ನ ದಿನಗಳು ಹೋಗುತ್ತಿದ್ದವು. ನಮ್ಮವರು ಬ್ಯಾಂಕಿನವರು. ಅವರಿಗೆ ಔರಂಗಾಬಾದಿಗೆ, ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ವರ್ಗವಾದಾಗ ನಾನು ಕೆಲಸ ಬಿಟ್ಟು ಹಿಂದೆ ಹೋದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅಲ್ಲಿ ಒಂದು ಟ್ರಸ್ಟಿನವರು ಧ್ಯಾನದ ಪರಿಣಾಮಗಳನ್ನು ಯಂತ್ರದಿಂದ ಅಳೆಯುವ ಕೇಂದ್ರ ತೆರೆದಿದ್ದರು. ತಂತ್ರಜ್ಞರು ಬೇಕಾಗಿದ್ದರು. ಆಸ್ಪತ್ರೆಯ ಒದರಾಟ ಇಲ್ಲದ ಜಾಗ ಎಂಬ ಒಂದೇ ಆಸೆಯಿಂದ ಸೇರಿಕೊಂಡೆ.

ಮುಖ್ಯಸ್ಥರು ಸಬ್ನೀಸ್ ಸರ್. ಅವರು ವೈದ್ಯರಲ್ಲ, ಭೌತಶಾಸ್ತ್ರ ಓದಿದವರು. ಹದಿಹರೆಯದಿಂದ ಧ್ಯಾನ ಮಾಡಿಕೊಂಡು ಬಂದವರು. ದನಿ ಏರಿಸಿದ್ದನ್ನು ನಾನು ಕೇಳಿದ್ದು ಒಂದೇ ಒಂದು ಸಲ, ಅದನ್ನು ಮುಂದೆ ಹೇಳುತ್ತೇನೆ. ಚಹಾ ತಾವೇ ಸುರಿದು ಕೊಡುತ್ತಿದ್ದರು. ತಮಗೆ ಸಿಕ್ಕ ನೆಮ್ಮದಿ ನಿಜವಾದದ್ದೆಂದು ಜಗತ್ತಿಗೆ ಒಂದು ಗೆರೆಯಲ್ಲಿ ತೋರಿಸಬೇಕು, ಅದೊಂದೇ ಅವರ ಹಂಬಲ. ಇಂಥ ಮೇಲಧಿಕಾರಿಯನ್ನು ಇಷ್ಟಪಡದೆ ಇರುವುದು ಕಷ್ಟ. ಇಷ್ಟಪಟ್ಟ ಮೇಲೆ ಎದುರು ಮಾತಾಡುವುದು ಇನ್ನೂ ಕಷ್ಟ.

ನಮ್ಮ ಮೊದಲ ಯಂತ್ರ ಹಳೆಯದು. ಉದ್ದ ಕಾಗದ ಓಡುತ್ತಿತ್ತು, ಅದರ ಮೇಲೆ ಶಾಯಿಯ ಪೆನ್ನುಗಳು ಕರಕರ ಬರೆಯುತ್ತಿದ್ದವು. ಒಳಗೆ ಕೂತವರು ಹಲ್ಲು ಕಚ್ಚಿದರೆ ಪೆನ್ನುಗಳು ಹುಚ್ಚೆದ್ದು ಕುಣಿದು ಕಾಗದ ಕಪ್ಪಾಗುತ್ತಿತ್ತು. ಕಪ್ಪಾದದ್ದು ಕಪ್ಪಾಗಿಯೇ ಉಳಿಯುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಗೆರೆ ಒರಟಾಗಿ ಕಂಡರೆ ಒಂದು ಕೀಲಿ ಒತ್ತಿದರೆ ಸಾಕು, ಸ್ನಾಯುಗಳ ಸದ್ದೆಲ್ಲ ಸೋಸಿ ಹೋಗಿ ನುಣ್ಣನೆ ಗೆರೆ ಉಳಿಯುತ್ತಿತ್ತು. ಅದಕ್ಕೆ ಫಿಲ್ಟರ್ ಎನ್ನುತ್ತಾರೆ. ಎಂಥ ಸುಖ ಎನಿಸಿತ್ತು ನನಗೆ. ಕೈಗೆ ಶಾಯಿ ಮೆತ್ತುವುದು ತಪ್ಪಿತಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ಸಂತೋಷಪಟ್ಟಿದ್ದೆ.

ಔರಂಗಾಬಾದಿನ ನಮ್ಮ ಮೊದಲ ದೊಡ್ಡ ಪ್ರಯೋಗ ಊರ ಹೊರಗಿನ ವಾಳೂಜಿನ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರ ಮೇಲೆ. ಅವರಿಗೆ ಕೆಲವು ವಾರ ಉಸಿರು ಗಮನಿಸುವ ಧ್ಯಾನ ಕಲಿಸಿ, ಪಾಳಿ ಮುಗಿದ ಮೇಲೆ ಕರೆತಂದು ದಾಖಲಿಸುತ್ತಿದ್ದೆವು. ಫಲಿತಾಂಶ ಅದ್ಭುತ. ಕೂತ ಸ್ವಲ್ಪ ಹೊತ್ತಿಗೇ ಅಲೆಗಳು ನಿಧಾನವಾಗಿ, ಅಗಲವಾಗಿ ಬಿಡುತ್ತಿದ್ದವು. ಅನುಭವಿ ಸಾಧಕರಿಗೆ ವರ್ಷಗಟ್ಟಲೆ ಹಿಡಿಯುವುದು ಇವರಿಗೆ ಕೆಲವೇ ವಾರಗಳಲ್ಲಿ ಬಂದಿದೆ ಎಂದು ಸರ್ ಗೆಲುವಾಗಿದ್ದರು. ಒಬ್ಬ ವೆಲ್ಡರ್ ತಲೆಯಿಂದ ತಂತಿ ಬಿಚ್ಚುವಾಗ ನಾನು ಹಿಂದಿಯಲ್ಲಿ ಕೇಳಿದೆ, ಹೇಗಿತ್ತು ಅನುಭವ ಎಂದು.

“ಬಢಿಯಾ ಮೇಡಂ,” ಎಂದ. “ಏಸೀ ಹೈ ನಾ. ಬೈಠೇ ಬೈಠೇ ಸೋ ಗಯಾ.”

ನಿದ್ದೆ! ಅಷ್ಟೂ ಜನ ಕೂತಲ್ಲೇ ನಿದ್ದೆ ಹೊಡೆದಿದ್ದರು. ಆಸ್ಪತ್ರೆಯಲ್ಲಿ ನಿದ್ದೆಯ ಅಲೆ ದಿನವೂ ನೋಡಿದ್ದ ನನಗೆ ಅದು ಕಾಣಬೇಕಾಗಿತ್ತು. ಕಂಡಿತ್ತೋ ಏನೋ. ಆದರೆ ಧ್ಯಾನ ನಡೆಯುತ್ತಿದೆ ಎಂದು ಎಲ್ಲರೂ ನಂಬಿದ ಕೋಣೆಯಲ್ಲಿ ಕಂಡದ್ದಕ್ಕೆ ಬೇರೆ ಹೆಸರೇ ಬರುತ್ತದೆ. ಸರ್ ಆ ವಾರ ಮಂಕಾಗಿದ್ದರು, ಆಮೇಲೆ ನಾವೆಲ್ಲ ಅದನ್ನು ನಗೆಚಾಟಿಕೆ ಮಾಡಿಕೊಂಡೆವು. ಯಾರಾದರೂ ಊಟದ ನಂತರ ತೂಕಡಿಸಿದರೆ ಸಾಕು, “ವಾಳೂಜ್ ಸಮಾಧಿ” ಎನ್ನುತ್ತಿದ್ದೆವು. ನಗಬಾರದಿತ್ತು. ಕಲಿಯಬೇಕಾದದ್ದನ್ನು ನಾವು ನಕ್ಕು ಕಳೆದುಕೊಂಡೆವು.

ಎರಡು ಸಾವಿರದ ಹತ್ತರ ಹೊತ್ತಿಗೆ ನಮ್ಮವರಿಗೆ ನಾಸಿಕ್‌ಗೆ ವರ್ಗವಾಯಿತು. ಟ್ರಸ್ಟಿನವರೂ ಅಲ್ಲೊಂದು ಪ್ರಯೋಗಾಲಯ ತೆರೆಯುವವರಿದ್ದರು, ಸರ್ ತಾವೂ ಹೊರಟು ನನ್ನನ್ನೂ ಯಂತ್ರವನ್ನೂ ಒಟ್ಟಿಗೆ ಸಾಗಿಸಿದರು. ಗುಡಿಯೂರು ತ್ರ್ಯಂಬಕೇಶ್ವರ ಹತ್ತಿರ, ಸಾಧಕರಿಗೆ ಬರವಿಲ್ಲ ಎಂಬುದು ಅವರ ಲೆಕ್ಕ. ಅಲ್ಲಿಂದ ಷೇರ್ ಜೀಪಿನಲ್ಲಿ ಬಂದ ಮೊದಲ ಬಾಬಾಜಿ ನಾಡಿ ನಿಲ್ಲಿಸಿ ತೋರಿಸುತ್ತೇನೆಂದರು. ಮಣಿಕಟ್ಟಿನಲ್ಲಿ ನಾಡಿ ನಿಂತೇ ಹೋಯಿತು. ಎದೆಯ ಮೇಲಿನ ಎಲೆಕ್ಟ್ರೋಡು ಮಾತ್ರ ಹೃದಯ ಚೆನ್ನಾಗಿ ಬಡಿಯುತ್ತಿದೆ ಎನ್ನುತ್ತಿತ್ತು. ಕಂಕುಳಲ್ಲಿ ಒಂದು ರುದ್ರಾಕ್ಷಿ ಉಂಡೆ ಇಟ್ಟು ತೋಳಿನ ರಕ್ತನಾಳ ಒತ್ತಿಕೊಂಡಿದ್ದರು. ನಾನು ಅದನ್ನು ಮೆಲ್ಲಗೆ ತೆಗೆದಾಗ ಅವರೇ ಗಹಗಹಿಸಿ ನಕ್ಕು, “ಬೇಟೀ, ಪೇಟ್ ಕೇ ಲಿಯೇ” ಎಂದು ಹೊಟ್ಟೆ ತಟ್ಟಿಕೊಂಡರು. ಮೋಸ ಮಾಡುವವರನ್ನು ಹಿಡಿಯುವುದು ನಮಗೆ ಆವಾಗಿನಿಂದ ಹೆಮ್ಮೆಯ ವಿಷಯವಾಯಿತು. ಮೋಸ ಮಾಡದವರ ವಿಷಯದಲ್ಲಿ ಹೇಗೆ ಎಚ್ಚರವಾಗಿರಬೇಕೆಂದು ಗೊತ್ತಿರಲಿಲ್ಲ.

ಮೋಸ ಗೊತ್ತಿಲ್ಲದವಳು ರೇಣವ್ವ.

ನಾಸಿಕ್ ಹತ್ತಿರದ ನಿಫಾಡ್ ತಾಲೂಕಿನ ದ್ರಾಕ್ಷಿ ತೋಟಗಳ ಕೂಲಿಯವರಿಗೆ ಟ್ರಸ್ಟು ಧ್ಯಾನ ಶಿಬಿರ ನಡೆಸಿತು. ಕಷ್ಟದ ದುಡಿಮೆಯವರ ಮನಸ್ಸಿನ ಒತ್ತಡ ಧ್ಯಾನದಿಂದ ಕಡಿಮೆಯಾಗುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಶಿಬಿರಕ್ಕೆ ಬಂದವರಲ್ಲಿ ವಿಜಯಪುರದ ಕಡೆಯಿಂದ ಹೋದ ಕೆಲವು ಕನ್ನಡದ ಕುಟುಂಬಗಳಿದ್ದವು, ಅವರಿಗೆ ಹೇಳಿಕೊಡುವ ಕೆಲಸ ನನ್ನದಾಯಿತು. ರೇಣವ್ವನಿಗೆ ಮೂವತ್ತು ದಾಟಿರಬೇಕು. ಗಂಡ ಮಲ್ಲೇಶಿ ತೋಟದ ಟ್ರ್ಯಾಕ್ಟರಿಗೆ ಪಂಪು ಕಟ್ಟಿಕೊಂಡು ಬಳ್ಳಿಗೆ ಔಷಧ ಹೊಡೆಯುವವನು. ಇವಳು ಗೊಂಚಲು ತಿದ್ದುವ, ಎಲೆ ಕೀಳುವ ಕೆಲಸದವಳು, ಜೊತೆಗೆ ಅವನಿಗೆ ಡ್ರಮ್ಮಿನಲ್ಲಿ ಔಷಧ ಕಲಸಿ ಕೊಡುತ್ತಿದ್ದಳು.

“ಉಸಿರು ಒಳಗ ಹೋಗೂದು, ಹೊರಗ ಬರೂದು ಸುಮ್ಮನ ನೋಡು ರೇಣವ್ವ. ಕಾಲು ಜೋಮು ಹಿಡದ್ರ ಅದನ್ನೂ ನೋಡು. ಅಲುಗ್ಯಾಡಬ್ಯಾಡ,” ಎಂದು ಹೇಳಿಕೊಟ್ಟಿದ್ದೆ.

“ಸೊಳ್ಳಿ ಕಚ್ಚಿದ್ರರೀ ಅಕ್ಕಾರ?”

“ಅದನ್ನೂ ನೋಡು.”

“ಸೊಳ್ಳಿಗೆ ಬಾಳ ಛಲೋ ಧ್ಯಾನ ಇದು,” ಎಂದು ಪಕ್ಕದವಳಿಗೆ ಹೇಳಿ ನಗಿಸಿದಳು. ಆದರೆ ಕೂತರೆ ಅವಳಂತೆ ಕೂಡುವವರು ಇನ್ನೊಬ್ಬರಿರಲಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದಳು.

ದಾಖಲೆಯ ದಿನಗಳಂದು ಅವಳು ಬೆಳಗಿನ ತೋಟದ ಕೆಲಸ ಮುಗಿಸಿ ಬಸ್ಸಿನಲ್ಲಿ ನಾಸಿಕ್‌ಗೆ ಬರುತ್ತಿದ್ದಳು. ಚಳಿಗಾಲ. ನಮ್ಮ ಕೋಣೆಯೋ ಇನ್ನೂ ತಣ್ಣಗೆ, ಏಕೆಂದರೆ ಬೆವರು ಬಂದರೆ ಎಲೆಕ್ಟ್ರೋಡು ಜಾರುತ್ತದೆ. ಮೊದಲ ದಿನವೇ ಅವಳು ನಡುಗಿದಳು. ಹೊದೆಯಲು ಕೇಳಿದಳು. ಉಣ್ಣೆಯ ಹೊದಿಕೆ ಗೆರೆಗಳಲ್ಲಿ ಸದ್ದು ಹುಟ್ಟಿಸುತ್ತದೆ ಎಂದು ನಾವು ಅದನ್ನು ಒಳಗೆ ಬಿಡುತ್ತಿರಲಿಲ್ಲ. ದಪ್ಪ ಹತ್ತಿಯದು ಏನಾದರೂ ನಿನ್ನದೇ ತಾ ಎಂದೆ. ಮುಂದಿನ ಸಲದಿಂದ ಅವಳು ಗಂಡನ ಜಾಕೀಟು ತರತೊಡಗಿದಳು. ಹೆಗಲಿಂದ ಮಡಿಲಿನ ತನಕ ಸುತ್ತಿಕೊಂಡು ಕೂಡುತ್ತಿದ್ದಳು. ಮುಟ್ಟಿದರೆ ಹಸಿಹಸಿ ಇರುತ್ತಿತ್ತು. ಬಳ್ಳಿಗಳ ಇಬ್ಬನಿ ಅಂದುಕೊಂಡೆ. ವಾಸನೆ ಬರುತ್ತಿತ್ತೇ? ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ, ಅಂಟಿನ ವಾಸನೆ, ಮೇಲಿಂದ ಸರ್ ಹಚ್ಚಿಸುತ್ತಿದ್ದ ಊದುಬತ್ತಿ. ನನ್ನ ಮೂಗು ಏನನ್ನೂ ಹೇಳಲಿಲ್ಲ.

ಜಾಕೀಟು ಸುತ್ತಿಕೊಂಡು ಕೂತ ಮೊದಲ ದಿನ ರೇಣವ್ವನ ನಾಡಿ ಇಳಿಯಿತು. ಬರುವಾಗ ಎಲ್ಲರಂತೆ ಇದ್ದದ್ದು, ಅರ್ಧ ತಾಸಿನಲ್ಲಿ ನುರಿತ ಓಟಗಾರರ ವಿಶ್ರಾಂತಿಯ ನಾಡಿಯಂತೆ ನಿಧಾನವಾಯಿತು. ಸರ್ ಕುರ್ಚಿಯ ತುದಿಗೆ ಬಂದು ಕೂತರು. ಧ್ಯಾನ ಮುಗಿದ ಮೇಲೆ ಅನುಭವ ಕೇಳಿ ಭಾಷಾಂತರಿಸಿ ಹೇಳುವುದು ನನ್ನ ಕೆಲಸ.

“ಮೈ ಹಗರ ಆದಂಗಾತ್ರಿ,” ಎಂದಳು ರೇಣವ್ವ. “ಕಣ್ಣಾಗ ನೀರು ಬಂದೂ. ಬಾಯಾಗ ಜೊಲ್ಲು ತಾನ ತುಂಬತೈತ್ರಿ, ನುಂಗಿ ನುಂಗಿ ಸಾಕಾತು. ಹಿಂಗ ಆಗಬೇಕೇನ್ರಿ?”

ನಾನು ಒಂದೊಂದಾಗಿ ಹೇಳಿದೆ. ಸರ್ ಕಣ್ಣಲ್ಲಿ ಹೊಳಪು ಬಂತು. ಕಣ್ಣೀರು ಒಳಗಿನ ಭಾವ ಹರಿಯುವುದು. ಬಾಯಲ್ಲಿ ಒಸರುವ ರಸವನ್ನು ಯೋಗಿಗಳು ಅಮೃತ ಎನ್ನುತ್ತಾರೆ, ಅದಕ್ಕಾಗಿ ಜನ್ಮ ಸವೆಸುತ್ತಾರೆ ಎಂದರು. “ಹೌದು, ಹೀಗೇ ಆಗಬೇಕು ಅಂತ ಹೇಳಿ ಅವಳಿಗೆ,” ಎಂದರು. ಹೇಳಿದೆ. ಹುಬ್ಬಳ್ಳಿಯ ವಾರ್ಡಿನಲ್ಲಿ ಬಾಯಿಂದ ಜೊಲ್ಲು, ಕಣ್ಣಿಂದ ನೀರು ಇಳಿಯುತ್ತಿದ್ದವರ ತಲೆಗೆ ಎಷ್ಟು ಸಲ ಎಲೆಕ್ಟ್ರೋಡು ಅಂಟಿಸಿದ್ದೆನೋ, ಅದೇ ನಾನು ಹೇಳಿದೆ, “ಹಿಂಗ ಆಗಬೇಕವಾ, ನಿನಗ ಬಾಳ ಛಲೋ ಬಂದದ.”

ಅಂದು ಮನೆಗೆ ಹೋಗಿ ನಮ್ಮವರ ಮುಂದೆ ಜಂಬ ಕೊಚ್ಚಿದ್ದೂ ನೆನಪಿದೆ. ಇಷ್ಟು ವರ್ಷದ ದಾಖಲೆಯಲ್ಲೇ ಶ್ರೇಷ್ಠಳು ನಮ್ಮ ಕಡೆಯ ಹೆಂಗಸು ಎಂದೆ.

ಇಂಥ ಪ್ರಯೋಗಗಳಲ್ಲಿ ಒಂದು ಕಡ್ಡಾಯ ಕ್ರಮವಿದೆ. ಧ್ಯಾನ ಮಾಡಿದ ದಿನದ ಜೊತೆ ಹೋಲಿಸಲು, ಅದೇ ವ್ಯಕ್ತಿಯನ್ನು ಅದೇ ಕುರ್ಚಿಯಲ್ಲಿ ಧ್ಯಾನ ಮಾಡದೆ ಬರಿದೇ ಕೂಡಿಸಿ ಒಂದು ದಿನ ದಾಖಲಿಸಬೇಕು. ಎರಡರಲ್ಲೂ ಒಂದೇ ಫಲ ಬಂದರೆ ಅದು ಧ್ಯಾನದ ಫಲವಲ್ಲ. ಇಷ್ಟು ಸರಳ. ನೀವು ಮೊದಲ ವಾರದಲ್ಲೇ ಕಲಿಯುವ ಪಾಠ.

“ಇವತ್ತ ಧ್ಯಾನ ಬ್ಯಾಡ. ಸುಮ್ಮ ಕಣ್ಣು ಮುಚ್ಚಿ ಕೂಡು, ಮನಿ ವಿಚಾರ ಏನರೆ ನೆನಸು,” ಎಂದೆ.

“ಸುಮ್ಮ ಕುಂಡ್ರಾಕ ಇಷ್ಟು ದೂರ ಕರಸ್ತೀರೇನ್ರಿ! ಪುಣ್ಯಾವಂತ್ರು ಬಿಡ್ರಿ,” ಎಂದು ಜಾಕೀಟು ಸುತ್ತಿಕೊಂಡು ಕೂತಳು.

ನಾಡಿ ಇಳಿಯಿತು. ಧ್ಯಾನದ ದಿನದಂತೆಯೇ ಇಳಿಯಿತು.

ತಂತಿ ಬಿಚ್ಚುವಾಗ ಕೇಳಿದೆ, “ಏನ ನೆನಸಿದಿ?”

“ನಮ್ಮತ್ತೀನ್ನ ಬೈದೆ ನೋಡ್ರಿ ಮನಸಿನ್ಯಾಗ,” ಎಂದಳು. “ಬಾಳ ದಿನದ್ದು ಬಾಕಿ ಇತ್ತು. ಒಂದೂ ಬಿಡಲಿಲ್ಲ. ಹಗರಾತು.”

ಅತ್ತೆಯನ್ನು ಒಂದು ತಾಸು ಮನಸಾರೆ ಬೈಯುತ್ತ ಕೂತವಳ ನಾಡಿ ಯೋಗಿಯ ನಾಡಿಯಂತೆ ಇಳಿದಿದೆ! ನಾನು ಇದನ್ನು ಸರ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಗೆರೆ ನೋಡಿದರು. ಆಮೇಲೆ ಮೃದುವಾಗಿ ಹೇಳಿದರು, ಮನಸ್ಸು ಬೈದಿರಬಹುದು, ಆದರೆ ಇವಳ ದೇಹ ಆ ಸ್ಥಿತಿಯಿಂದ ಹೊರಗೆ ಬರುತ್ತಲೇ ಇಲ್ಲ. ಇದಕ್ಕೇ ಸಹಜ ಸ್ಥಿತಿ ಎನ್ನುವುದು. ಇವಳಿಗೆ ಧ್ಯಾನ ಮಾಡಬೇಡ ಎಂದು ಹೇಳಿದರೂ ಅದು ನಡೆದೇ ಇರುತ್ತದೆ. ಆದ್ದರಿಂದ ಇವತ್ತಿನ ದಾಖಲೆಯನ್ನು ಬರಿದೇ ಕೂತದ್ದೆಂದು ಹಿಡಿಯುವುದು ತಪ್ಪಾಗುತ್ತದೆ.

“ಸರ್, ಆದರೂ...” ಎಂದೆ.

“ಆದರೂ ಏನು, ಸಾಂಗಾ ನಾ,” ಎಂದರು, ಹೇಳಿ ಎಂದು, ನಿಜವಾಗಿಯೂ ಕೇಳುವ ಮುಖದಿಂದ.

ನಾನು ದಾಖಲೆಯ ಪಟ್ಟಿ ಮಡಚಿದೆ. ಹೇಳಿದ್ದರೆ ಅವರು ಕೇಳುತ್ತಿದ್ದರು. ಆ ದಿನದ ದಾಖಲೆಯನ್ನು ಹೋಲಿಕೆಯಿಂದ ಕೈಬಿಟ್ಟೆವು. ಅವಳನ್ನು ಅಪಾಯದಿಂದ ತಪ್ಪಿಸಬಹುದಾಗಿದ್ದ ಒಂದೇ ಒಂದು ಪರೀಕ್ಷೆಯನ್ನು ನಾವು ಸರಿಯಾಗಿಯೇ ಮಾಡಿದ್ದೆವು. ಅದು ಕೊಟ್ಟ ಉತ್ತರ ನಮಗೆ ಹಿಡಿಸಲಿಲ್ಲ.

ಅದಾಗಿ ಕೆಲವು ದಿನಗಳಲ್ಲೇ ಟ್ರಸ್ಟಿನ ಅಧ್ಯಕ್ಷರು ಇಬ್ಬರು ಅತಿಥಿಗಳೊಂದಿಗೆ ಪ್ರಯೋಗಾಲಯ ನೋಡಲು ಬರುವವರಿದ್ದರು. ಯಾರ ದಾಖಲೆ ತೋರಿಸಬೇಕೆಂಬ ಪ್ರಶ್ನೆಯೇ ಇರಲಿಲ್ಲ. ರೇಣವ್ವನಿಗೆ ಹೇಳಿಕಳಿಸಿದೆವು.

ಅಂದು ಮಧ್ಯಾಹ್ನ ಅವಳು ಬಂದಾಗಲೇ ಮುಖ ಬಾಡಿತ್ತು. ತೋಟಕ್ಕೆ ರೋಗ ಬಿದ್ದಿದೆ, ಮುಂಜಾನೆಯಿಂದ ಔಷಧ ಕಲಸಿ ಕಲಸಿ ಸಾಕಾಯಿತು ಎಂದಳು. ಜಾಕೀಟು ಎಂದಿಗಿಂತ ಹೆಚ್ಚು ತೊಯ್ದಿತ್ತು. “ತಲಿ ನೋಯಾಕತೈತ್ರಿ ಅಕ್ಕಾರ.” ಧ್ಯಾನಕ್ಕೆ ಕೂತರೆ ಹೋಗುತ್ತದೆ ಎಂದೆ. ತಲೆ ಬಾಚಿ, ಉಜ್ಜಿ, ಅಂಟಿಸಿದೆ. ಎದೆಯ ಎಲೆಕ್ಟ್ರೋಡು ಅಂಟಿಸುವಾಗ ಚರ್ಮ ತಣ್ಣಗೆ, ಒದ್ದೆಯಾಗಿತ್ತು. ಎರಡು ಸಲ ಒರೆಸಿ ಅಂಟಿಸಿದೆ. ಅವಳು ಕಣ್ಣು ಮುಚ್ಚಿದಳು.

ಗಾಜಿನ ಈಚೆ ಅಧ್ಯಕ್ಷರು, ಅತಿಥಿಗಳು, ಸರ್, ನಾನು. ಸರ್ ಪಿಸುದನಿಯಲ್ಲಿ ವಿವರಿಸುತ್ತಿದ್ದರು. ನಾಡಿ ಇಳಿಯತೊಡಗಿತು. ಎಂದಿನ ಮಟ್ಟಕ್ಕೆ ಬಂದು ಅಲ್ಲಿ ನಿಲ್ಲದೆ ಇನ್ನೂ ಇಳಿಯಿತು. ಅತಿಥಿಯೊಬ್ಬರು “ಅರೇ ವಾಹ್” ಎಂದರು. ಅಷ್ಟರಲ್ಲಿ ಗೆರೆಗಳಲ್ಲಿ ಒರಟು ಸದ್ದು ಕಾಣಿಸಿಕೊಂಡಿತು, ಮುಖದ, ಕತ್ತಿನ ಸ್ನಾಯುಗಳು ಸಣ್ಣಗೆ ಮಿಡಿದಾಗ ಬರುವಂಥದ್ದು. ಅತಿಥಿಗಳ ಮುಂದೆ ಪರದೆ ಹೀಗೆ ಕೊಳಕಾಗಿ ಕಾಣಬಾರದೆಂದು ನಾನು ಕೈ ಚಾಚಿ ಫಿಲ್ಟರ್ ಕೀಲಿ ಒತ್ತಿದೆ.

ಗೆರೆ ನುಣ್ಣಗಾಯಿತು.

ಇಂದಿಗೂ ನನ್ನ ಬಲಗೈಯ ತೋರುಬೆರಳು ಆ ಒತ್ತನ್ನು ಮರೆತಿಲ್ಲ. ಅಡುಗೆಮನೆಯಲ್ಲಿ ಮಿಕ್ಸರಿನ ಗುಂಡಿ ಒತ್ತುವಾಗ ಒಮ್ಮೊಮ್ಮೆ ಹಾಗೇ ನಿಂತುಬಿಡುತ್ತೇನೆ. ಒಳಗೆ ಒಬ್ಬ ಹೆಂಗಸಿನ ಮೈಯ ಸ್ನಾಯುಗಳು ವಿಷದಿಂದ ಅದುರುತ್ತಿದ್ದವು, ಯಂತ್ರ ಅದನ್ನು ನನಗೆ ಹೇಳಿತ್ತು, ನಾನು ಯಂತ್ರದ ಬಾಯಿ ಮುಚ್ಚಿಸಿದೆ.

ಆಮೇಲೆ ಎದೆಯ ಗೆರೆ ತೇಲಾಡತೊಡಗಿತು. ಗಾಜಿನಿಂದ ನೋಡಿದೆ. ರೇಣವ್ವನ ತುಟಿಯ ಅಂಚಿನಿಂದ ಜೊಲ್ಲು ಇಳಿದು ಎದೆಯ ಎಲೆಕ್ಟ್ರೋಡಿನ ಮೇಲೆ ಸುರಿಯುತ್ತಿತ್ತು. ಎಲೆಕ್ಟ್ರೋಡು ಬಿಚ್ಚಿಕೊಂಡರೆ ಪ್ರದರ್ಶನ ಕೆಡುತ್ತದೆ ಎಂದು ಹತ್ತಿ ತೆಗೆದುಕೊಂಡು ಒಳಗೆ ಹೋದೆ. ನನ್ನನ್ನು ಎಬ್ಬಿಸಿ ಒಳಗೆ ಕಳಿಸಿದ್ದು ಅದೇ, ಬೇರೇನಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಆಮೇಲೆ ಜನ ಬೇರೆ ರೀತಿ ಹೇಳಿದರು.

ಹತ್ತಿ ಒತ್ತಿದಾಗ ಕೈಗೆ ತಿಳಿಯಿತು. ಕೊರಳ ಕೆಳಗಿನ ಚರ್ಮದಡಿ ಹುಳು ಹರಿದಂತೆ ಮಿಡಿತ. ಉಸಿರಿನಲ್ಲಿ ಗೊರಗೊರ, ಎದೆಯೊಳಗೆ ನೀರು ತುಂಬಿದಂತೆ. ಆ ಸದ್ದು ನನಗೆ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ಬಿಟ್ಟು ಬಂದೆ ಎಂದುಕೊಂಡ ಸದ್ದು. ಬೆರಳಿನಿಂದ ಅವಳ ರೆಪ್ಪೆ ಎತ್ತಿದೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟೇ ಇತ್ತು. ವಾರಗಟ್ಟಲೆ ನಮ್ಮ ಮುಂದೆ ಕೂತವಳ ಪಾಪೆಯನ್ನು ನಾವು ಯಾರೂ ನೋಡಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಿರಬೇಕು ಎಂಬುದೇ ನಮ್ಮ ಸೂಚನೆ.

“ರೇಣವ್ವ! ಏ ರೇಣವ್ವ!” ಎಂದು ಕೂಗಿದೆ.

ಗಾಜಿನ ಆಚೆಯಿಂದ ಸರ್ ದನಿ ಮೈಕಿನಲ್ಲಿ ಜೋರಾಗಿ ಬಂತು, “ಥಾಂಬಾ! ಹಾತ್ ಲಾವೂ ನಕಾ!” ನಿಲ್ಲಿ, ಮುಟ್ಟಬೇಡಿ ಅವಳನ್ನ, ಸಮಾಧಿಯಿಂದ ಹಾಗೆ ಎಬ್ಬಿಸಬಾರದು ಎಂದು.

ನಾನು ತಂತಿಗಳನ್ನು ಕಿತ್ತೆ. ಅಂಟಿನ ಜೊತೆ ಕೂದಲೂ ಬಂದವು. ಅವಳು ಕಣ್ಣು ಬಿಡಲಿಲ್ಲ, ಪಕ್ಕಕ್ಕೆ ಜಾರಿದಳು. “ವಿಷ! ಸರ್, ವಿಷ ಏರಿದೆ, ಗಾಡಿ ತೆಗೀರಿ!” ಎಂದು ನಾನು ಕನ್ನಡದಲ್ಲೇ ಒದರಿದೆನಂತೆ. ಅವರಿಗೆ ಮಾತು ಪೂರ್ತಿ ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. ಅಧ್ಯಕ್ಷರ ಕಾರಿನಲ್ಲೇ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ಮಡಿಲಲ್ಲಿ. ಸರ್ ಮುಂದಿನ ಸೀಟಿನಿಂದ ತಿರುಗಿ ಅವಳ ಮಣಿಕಟ್ಟು ಹಿಡಿದುಕೊಂಡೇ ಇದ್ದರು. ಒಂದು ಬಡಿತ ಬಂದು ಇನ್ನೊಂದು ಬರುವ ತನಕ ಅವರ ಮುಖದಲ್ಲಿ ಏನೂ ಇರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ವೈದ್ಯ. ಪಾಪೆ ನೋಡಿದ, ಎದೆಗೆ ಕಿವಿ ಕೊಟ್ಟ, ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು ಹಾಕತೊಡಗಿದ. ಕುಡಿದದ್ದು ಏನು, ಯಾವಾಗ, ಎಂದು ನಮ್ಮನ್ನು ಗದರಿದ. ಕುಡಿದಿಲ್ಲ ಎಂದರೆ ನಂಬಲಿಲ್ಲ. ಪೊಲೀಸ್ ಪೇದೆ ಬಂದ. ಸಂಜೆಯ ಹೊತ್ತಿಗೆ ಸುದ್ದಿ ಸಿಕ್ಕಿ ಮಲ್ಲೇಶಿ ಓಡಿ ಬಂದಾಗ ಎಲ್ಲರ ಕಣ್ಣೂ ಅವನ ಮೇಲೆ ತಿರುಗಿತು.

“ಜಗಳಾ ಆಡಿಲ್ರೀ ನಾವು! ದೇವರಾಣಿಗೂ ಆಡಿಲ್ರೀ,” ಎಂದು ಅವನು ನನ್ನ ಕಾಲಿಗೇ ಬಿದ್ದ. “ಅಕ್ಕಾರ, ನೀವರೆ ಹೇಳ್ರಿ ಇವರಿಗೆ. ಆಕಿ ಯಾಕ ಕುಡೀತಾಳ್ರೀ? ಧ್ಯಾನಕ್ಕ ಹೊಕ್ಕೀನಂತ ನಕ್ಕೋತ ಬಂದಾಳ.”

ಅಷ್ಟರಲ್ಲಿ ದಾದಿಯೊಬ್ಬಳು ರೇಣವ್ವನ ಬಟ್ಟೆ ಬದಲಿಸಿ, ತೊಯ್ದ ಜಾಕೀಟನ್ನು ಹೊರಗೆ ತಂದು ಮೂಗು ಮುರಿದಳು. ವೈದ್ಯ ಅದನ್ನು ಮೂಗಿನ ಹತ್ತಿರ ಹಿಡಿದು ಥಟ್ಟನೆ ಹಿಂದೆ ಸರಿಸಿದ. ಇದು ಯಾರದು ಎಂದು ಕೇಳಿದ. ನಾನು ಮಲ್ಲೇಶಿಯನ್ನು ಕನ್ನಡದಲ್ಲಿ ಕೇಳಿದೆ.

“ನಂದ್ರೀ. ಔಷಧ ಹೊಡಿಯೂಮುಂದ ಹಾಕ್ಕೊಂತೀನಲ್ರೀ. ಆಕಿಗೆ ನಿಮ್ಮಲ್ಲಿ ಥಂಡಿ ಆಕ್ಕೈತಂತ, ಒಯ್ತಾಳ.”

ಆ ಉತ್ತರವನ್ನು ನಾನು ಸರ್‌ಗೆ, ವೈದ್ಯನಿಗೆ, ಪೇದೆಗೆ ಮರಾಠಿಯಲ್ಲಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ನನಗೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ದಿನವೂ ಬರಿಗೈಯಲ್ಲಿ ಕಲಸಿದ ಔಷಧ ಮೈಯಲ್ಲಿ ಸ್ವಲ್ಪ ಸ್ವಲ್ಪವೇ ಸೇರಿತ್ತು. ಅದರ ಮೇಲೆ ನಮ್ಮ ತಣ್ಣನೆಯ ಮುಚ್ಚಿದ ಕೋಣೆ, ಚರ್ಮಕ್ಕೆ ಅಂಟಿದ ಹಸಿ ಜಾಕೀಟು, ಅಲುಗಾಡದೆ ಒಂದು ತಾಸು. ಜಾಕೀಟು ಬಂದ ದಿನದಿಂದ ನಾಡಿ ಇಳಿದಿತ್ತು. ಧ್ಯಾನ ಮಾಡಿದಾಗಲೂ ಇಳಿದಿತ್ತು, ಅತ್ತೆಯನ್ನು ಬೈದಾಗಲೂ ಇಳಿದಿತ್ತು.

ಸರ್ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. “ನಾನು ಅದನ್ನು ಅಮೃತ ಎಂದೆ,” ಎಂದರು. ನಾನೂ ಅದನ್ನೇ ಕನ್ನಡದಲ್ಲಿ ಅವಳಿಗೆ ದಾಟಿಸಿದವಳು.

ರೇಣವ್ವ ಬದುಕಿದಳು. ಪೇದೆ ಹೇಳಿಕೆ ಬರೆದುಕೊಂಡು ಹೋದ, ಮಲ್ಲೇಶಿಯ ಮೇಲೆ ಏನೂ ಬರಲಿಲ್ಲ. ಟ್ರಸ್ಟಿನವರು ಆಸ್ಪತ್ರೆಯ ಖರ್ಚು ನೋಡಿಕೊಂಡರು. ಮುಂದೆ ಪ್ರಯೋಗದ ವರದಿ ಸಿದ್ಧವಾದಾಗ ಅದರಲ್ಲಿ ರೇಣವ್ವ ಇರಲಿಲ್ಲ. ವೈಯಕ್ತಿಕ ಕಾರಣಗಳಿಂದ ಒಬ್ಬರು ಹಿಂದೆ ಸರಿದರು ಎಂಬ ಅರ್ಧ ವಾಕ್ಯವಿತ್ತು. ಕರಡು ತಿದ್ದಿದವಳು ನಾನೇ. ಅಲ್ಪವಿರಾಮ ಸರಿಯಾದ ಜಾಗದಲ್ಲಿತ್ತು, ಮುಂದಿನ ಪುಟಕ್ಕೆ ಹೋದೆ. ವಾರ್ಷಿಕ ಸಮಾರಂಭದಲ್ಲಿ ಅಧ್ಯಕ್ಷರು ನನ್ನ ಸಮಯಪ್ರಜ್ಞೆಯನ್ನು ಹೊಗಳಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ಒಳಗೆ ಹೋದದ್ದು ಎಲೆಕ್ಟ್ರೋಡು ಒರೆಸಲಿಕ್ಕೆ ಎಂದು ನಾನು ಆ ವೇದಿಕೆಯ ಮೇಲೆ ಹೇಳಲಿಲ್ಲ. ಕೈ ಮುಗಿದು ಇಳಿದು ಬಂದೆ. ಆ ಶಾಲು ಹಗುರವಾಗಿ, ಬೆಚ್ಚಗೆ ಇತ್ತು.

ಹೊಸಬರು ನನ್ನನ್ನು ಕೇಳುತ್ತಾರೆ, ಹಾಗಾದರೆ ಧ್ಯಾನದ ಸಂಶೋಧನೆಯೆಲ್ಲ ಸುಳ್ಳೇ ಎಂದು. ಅಲ್ಲ. ನಾನು ಆಮೇಲೂ ವರ್ಷಗಟ್ಟಲೆ ಅಲ್ಲೇ ದುಡಿದೆ, ಎಚ್ಚರದಿಂದ ಮಾಡಿದ ಒಳ್ಳೆಯ ಕೆಲಸವನ್ನೂ ಕಂಡೆ. ಸರ್ ಕೂಡ ಬದಲಾದರು. ಒಳಗೆ ಕೂಡುವವರನ್ನು ಮೊದಲು ವೈದ್ಯರು ನೋಡಲೇಬೇಕೆಂಬ ನಿಯಮ ತಂದರು, ಬರಿದೇ ಕೂತ ದಿನದ ದಾಖಲೆಯನ್ನು ಯಾವ ಕಾರಣಕ್ಕೂ ತೆಗೆದುಹಾಕಲು ಬಿಡಲಿಲ್ಲ. ಊದುಬತ್ತಿ ನಿಂತಿತು. ಇವೆಲ್ಲ ಆದವು. ಆದರೆ ನನ್ನ ನಾಚಿಕೆ ನಿಯಮಗಳಿಂದ ಕಡಿಮೆಯಾಗಲಿಲ್ಲ. ಅದಕ್ಕೆ ಕಾರಣ ರೇಣವ್ವನೇ ನನಗೆ ಹೇಳಿದ ಮಾತು.

ಅವಳಿಗೆ ಎಚ್ಚರ ಬಂದು, ವಾರ್ಡಿಗೆ ಹಾಕಿದ ಮೇಲೆ ನೋಡಲು ಹೋಗಿದ್ದೆ. ಬಾಯಿ ಒಣಗಿ ತುಟಿ ಬಿರಿದಿದ್ದವು. ನನ್ನನ್ನು ಕಂಡು ಏಳಲು ನೋಡಿದಳು.

“ತಪ್ಪಾತ್ರಿ ಅಕ್ಕಾರ,” ಎಂದಳು. “ಸಾಹೇಬ್ರ ಮಂದಿ ಮುಂದ ಮರ್ಯಾದಿ ಕಳದೆ.”

ನಾನು ಅವಳ ಕೈ ಹಿಡಿದುಕೊಂಡೆ. ಜಾಕೀಟಿನ ವಿಷಯ, ಔಷಧದ ವಿಷಯ ತಿಳಿಸಿ ಹೇಳಿದೆ. ನಾವು ಹೊಗಳಿದ್ದೆಲ್ಲ ವಿಷದ ಲಕ್ಷಣ ಎಂದೂ ಹೇಳಿದೆ. ಅವಳು ಕೇಳಿಸಿಕೊಂಡಳು. ಮೆಲ್ಲಗೆ ಕೇಳಿದಳು, “ಹಂಗಾರ ನನಗ ಧ್ಯಾನ ಬಂದೇ ಇಲ್ಲೇನ್ರಿ?”

ನಾನು ಅವಳ ಹೊದಿಕೆ ಎಳೆದು ಸರಿಮಾಡಿದೆ. ಅವಳೇ ಮುಂದುವರಿದಳು.

“ಅವತ್ತ ನನಗ ಗೊತ್ತಾಗಿತ್ರೀ. ಉಸರು ಹಿಡದಂಗಾತು. ಎದಿಯಾಗ ನೀರು ಗೊಳಗೊಳ ಅಂತಿದ್ವು. ಸಾಯ್ತೀನಿ ಅನಿಸ್ತು. ಏನ ಬಂದ್ರೂ ಸುಮ್ಮನ ನೋಡು, ಅಲುಗ್ಯಾಡಬ್ಯಾಡ ಅಂತ ನೀವು ಹೇಳಿದ್ರಲ್ರಿ. ಅದನ್ನೂ ನೋಡಿದೆ. ಸಾಯೂದು ಬರಾಕತೈತಿ, ಬರಲಿ, ಅಂತ ನೋಡ್ಕೋತ ಕುಂತೆ. ಒಂದೀಟೂ ಅಲುಗ್ಯಾಡಲಿಲ್ರೀ. ಅದು ಬರೋಬರಿ ಇತ್ತಿಲ್ರಿ?”

ವಾರ್ಡಿನಲ್ಲಿ ಯಾರದೋ ಮಗು ಅಳುತ್ತಿತ್ತು. ಇಷ್ಟು ವರ್ಷ ತಂತಿ ಹಚ್ಚಿ ನಾವು ಹುಡುಕುತ್ತಿದ್ದದ್ದು ಆ ಅಲುಗಾಡದ ನೋಟವನ್ನೇ, ಮತ್ತು ಅದು ನಮ್ಮ ಕಣ್ಣೆದುರು ಒಂದು ಜೀವವನ್ನು ಹೆಚ್ಚುಕಡಿಮೆ ಒಯ್ದಿತ್ತು.

“ಇನ್ನ ಮ್ಯಾಲ ಎಲ್ಲೇ ಆಗಲಿ, ಹಂಗ ಆದ್ರ ಕಣ್ಣು ತಗದು ಎದ್ದುಬಿಡಬೇಕು ರೇಣವ್ವ,” ಎಂದೆ. “ಒದರಬೇಕು. ಜೋರಾಗಿ ಒದರಬೇಕು.”

“ಎದ್ರ ನಿಮ್ಮ ಗೆರಿ ಕೆಡ್ತಾವಲ್ರಿ?”

“ಕೆಡಲಿ ಬಿಡವಾ.”

ಅವಳು ನನ್ನ ಮುಖವನ್ನೇ ನೋಡಿದಳು. ಹೇಳಿದ್ದನ್ನೆಲ್ಲ ಹೇಳಿದಷ್ಟೇ ನಂಬುತ್ತಿದ್ದ ಹೆಂಗಸು. ಈ ಮಾತನ್ನು ಮಾತ್ರ ಅವಳು ನಂಬಿದಂತೆ ಕಾಣಲಿಲ್ಲ.